ಕುಂಡದ ಗಿಡಕ್ಕೆ ಗಡಸು ನೀರು: ಮಣ್ಣಿನ ರಸಸಾರ ಕಾಯ್ದುಕೊಳ್ಳುವ ಬಗೆ

ಪುತ್ತೂರಿನ ತವರುಮನೆಯ ಗುಡ್ಡದಲ್ಲಿ ಯಾರ ಆರೈಕೆಯೂ ಇಲ್ಲದೆ ಕೆಂಪಗೆ ಹೂ ಬಿಡುವ ಕೇಪಳದ ಗಿಡವೊಂದನ್ನು ಬೇರುಸಹಿತ ತಂದು ಬೆಂಗಳೂರಿನ ನಮ್ಮ ತಾರಸಿಯ ಕುಂಡದಲ್ಲಿ ನೆಟ್ಟಿದ್ದೆ. ಮೊದಲ ಮಳೆಗಾಲವನ್ನು ಅದು ಚೆನ್ನಾಗಿಯೇ ಕಳೆಯಿತು. ಬೇಸಿಗೆ ಬರುವಷ್ಟರಲ್ಲಿ ಹೊಸ ಎಲೆಗಳೆಲ್ಲ ಹಳದಿಗೆ ತಿರುಗಿ, ನರಗಳಷ್ಟೇ ಹಸಿರಾಗಿ ಉಳಿದು, ಎಲೆಯ ಮೇಲೆ ಬಲೆ ಹರಡಿದಂತೆ ಕಾಣತೊಡಗಿತು. ಗೊಬ್ಬರ ಸಾಲದೆಂದು ಭಾವಿಸಿ ಎರಡು ಸಲ ಎರೆಗೊಬ್ಬರ ಹಾಕಿದೆ, ಏನೂ ಪ್ರಯೋಜನವಾಗಲಿಲ್ಲ. ಕುಂಡದ ಅಂಚಿನಲ್ಲಿ ಕಟ್ಟಿದ್ದ ಬಿಳಿಯ ಹಕ್ಕಳೆಯನ್ನು ಕೆರೆದು, ಅದರ ಮೇಲೆ ಎರಡು ಹನಿ ವಿನೆಗರ್ ಬಿಟ್ಟಾಗ ಅದು ಚುರ್ರೆಂದು ನೊರೆಯಾಯಿತು. ಸುಣ್ಣದ ಅಂಶ. ದಿನವೂ ಹಾಕುತ್ತಿದ್ದ ಬೋರ್‌ವೆಲ್ ನೀರಿನ ಜೊತೆಗೇ ಅದು ಬರುತ್ತಿತ್ತು.

ಮಣ್ಣು ಹುಳಿಯೋ ಕ್ಷಾರವೋ ಎಂಬುದನ್ನು ಅಳೆಯುವ ರಸಸಾರ, ಅಂದರೆ ಪಿಎಚ್, 0ಯಿಂದ 14ರವರೆಗಿನ ಅಳತೆ. 7 ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಆಮ್ಲೀಯ, ಹೆಚ್ಚಾದರೆ ಕ್ಷಾರೀಯ. ಒಂದು ಅಂಕೆಯ ವ್ಯತ್ಯಾಸವೆಂದರೆ ಹತ್ತು ಪಟ್ಟಿನ ವ್ಯತ್ಯಾಸ ಎಂಬುದನ್ನು ಮರೆಯಬಾರದು. ಹೆಚ್ಚಿನ ಕುಂಡದ ಗಿಡಗಳಿಗೆ 6ರಿಂದ 7ರ ನಡುವಿನ ಮಣ್ಣು ಒಗ್ಗುತ್ತದೆ. ರಸಸಾರ ಏರಿದಂತೆ ಮಣ್ಣಿನಲ್ಲಿರುವ ಕಬ್ಬಿಣ ನೀರಿನಲ್ಲಿ ಕರಗದ ರೂಪಕ್ಕೆ ತಿರುಗಿ ಬೇರಿಗೆ ದಕ್ಕದಂತಾಗುತ್ತದೆ. ಕಬ್ಬಿಣವು ಹಳೆಯ ಎಲೆಯಿಂದ ಹೊಸ ಎಲೆಗೆ ಸಾಗುವುದಿಲ್ಲವಾದ್ದರಿಂದ ಕೊರತೆ ಮೊದಲು ಚಿಗುರಿನಲ್ಲಿ ತೋರುತ್ತದೆ. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾದರೆ ಅದು ಹೆಚ್ಚಾಗಿ ಸಾರಜನಕದ ಕೊರತೆ. ಅದಕ್ಕೆ ಗೊಬ್ಬರವೇ ಮದ್ದು.

ನೀರಿನ ರಸಸಾರವನ್ನಷ್ಟೇ ಅಳೆದು ಸುಮ್ಮನಾಗುವುದು ಬಹಳ ಮಂದಿ ಮಾಡುವ ತಪ್ಪು. ಮಣ್ಣನ್ನು ಬದಲಿಸುವ ಬಲ ಇರುವುದು ನೀರಿನಲ್ಲಿ ಕರಗಿರುವ ಬೈಕಾರ್ಬನೇಟಿಗೆ, ಅಂದರೆ ನೀರಿನ ಕ್ಷಾರತೆಗೆ. ಪಿಎಚ್ 8 ತೋರಿಸುವ ಎರಡು ನೀರುಗಳಲ್ಲಿ ಒಂದು ಮಣ್ಣನ್ನು ಮುಟ್ಟದೆಯೂ ಇರಬಹುದು, ಇನ್ನೊಂದು ಕೆಲವೇ ತಿಂಗಳಲ್ಲಿ ಸುಣ್ಣದ ಕುಂಡವನ್ನಾಗಿಸಬಹುದು. ಕ್ಷಾರತೆಯನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ 200 ಮಿಲಿಗ್ರಾಂ ಒಪ್ಪಬಹುದಾದ ಮಿತಿ, ಬೇರೆ ನೀರಿನ ಮೂಲವಿಲ್ಲದಿದ್ದರೆ 600ರವರೆಗೂ ಅವಕಾಶವಿದೆ. ಹೀಗಾಗಿ ನಮಗೆ ಕುಡಿಯಲು ಅಡ್ಡಿಯಿಲ್ಲದ ನೀರು ಗಿಡಕ್ಕೆ ಕಷ್ಟವಾಗಬಹುದು. ಲೆಕ್ಕ ಹಾಕಿ ನೋಡಿ: ಕ್ಷಾರತೆ 300 ಇರುವ ನೀರನ್ನು ದಿನಕ್ಕೆ ಒಂದು ಲೀಟರಿನಂತೆ ಹಾಕಿದರೆ, ವರ್ಷಕ್ಕೆ ಸುಮಾರು 110 ಗ್ರಾಂ ಸುಣ್ಣದಷ್ಟು ಕ್ಷಾರ ಆ ಕುಂಡವನ್ನು ಸೇರುತ್ತದೆ. ಒಂದಿಷ್ಟು ಕೆಳಗಿನ ತೂತಿನಿಂದ ಬಸಿದು ಹೋಗುತ್ತದೆ, ನಿಜ. ಆದರೆ ಹತ್ತು ಲೀಟರ್ ಮಣ್ಣಿಗೆ ಉಳಿದದ್ದೇ ಸಾಕಷ್ಟಾಗುತ್ತದೆ. ನೆಲದಲ್ಲಿ ನೆಟ್ಟ ಗಿಡದ ಬೇರಿಗೆ ಆಳಕ್ಕೆ, ಅಗಲಕ್ಕೆ ಹರಡಿಕೊಳ್ಳುವ ದಾರಿಯಾದರೂ ಇದೆ, ಕುಂಡದ ಬೇರಿಗೆ ಅದೂ ಇಲ್ಲ.

ಮೊದಲು ಅಳತೆ ಮಾಡಬೇಕು. ನೀರಿನ ಕ್ಷಾರತೆಗೆ ಅಲಂಕಾರಿಕ ಮೀನಿನ ಅಂಗಡಿಯಲ್ಲಿ ಸಿಗುವ ಕೆಎಚ್ ಹನಿ ಪರೀಕ್ಷೆಯ ಕಿಟ್ ಸಾಕು. ಅದರಲ್ಲಿ ಬರುವ ಒಂದು ಡಿಗ್ರಿ ಎಂದರೆ ಲೀಟರಿಗೆ 17.9 ಮಿಲಿಗ್ರಾಂ. ಉತ್ತರ 100ರೊಳಗಿದ್ದರೆ ಚಿಂತೆ ಬೇಡ. ಮಣ್ಣಿಗಾದರೆ, ಮೇಲಿನ ಪದರ ಬಿಟ್ಟು ಬೇರಿನ ಮಟ್ಟದಿಂದ ತೆಗೆದು ನೆರಳಿನಲ್ಲಿ ಒಣಗಿಸಿದ 20 ಗ್ರಾಂ ಮಣ್ಣಿಗೆ, ಬ್ಯಾಟರಿಗೆ ಹಾಕುವ 50 ಮಿಲಿಲೀಟರ್ ಡಿಸ್ಟಿಲ್ಡ್ ನೀರು ಬೆರೆಸಿ, ಅರ್ಧ ಗಂಟೆ ಆಗಾಗ ಕಲಕಿ, ತಿಳಿಯಾದ ಮೇಲೆ ಪಿಎಚ್ ಕಾಗದವನ್ನು ಅದ್ದಿ ನೋಡಬೇಕು. ಒಂದಕ್ಕೆ ಎರಡೂವರೆಯ ಈ ಪ್ರಮಾಣವನ್ನೇ ನಮ್ಮ ಮಣ್ಣು ಪರೀಕ್ಷಾ ಪ್ರಯೋಗಾಲಯಗಳೂ ಬಳಸುತ್ತವೆ. ಮಣ್ಣಿಗೆ ಚುಚ್ಚುವ ಎರಡು ಕಡ್ಡಿಗಳ ಅಗ್ಗದ ಮೀಟರನ್ನು ನಾನಂತೂ ನಂಬುವುದಿಲ್ಲ; ಒಂದೇ ಕುಂಡದಲ್ಲಿ ನಾಲ್ಕು ಕಡೆ ನಾಲ್ಕು ಅಂಕೆ ತೋರಿಸಿದ ಮೇಲೆ ಅದು ಡ್ರಾಯರಿನಲ್ಲೇ ಇದೆ.

ಗಡಸು ನೀರಿಗೆ ಎಲ್ಲಕ್ಕಿಂತ ಸರಳವಾದ ಪರಿಹಾರ ಮಳೆನೀರು. ಅದರಲ್ಲಿ ಬೈಕಾರ್ಬನೇಟ್ ಇಲ್ಲವೆಂಬಷ್ಟು ಕಡಿಮೆ, ರಸಸಾರ ಸುಮಾರು 5.6. ಒಂದು ಚದರ ಮೀಟರ್ ಜಾಗದಲ್ಲಿ ಬಿದ್ದ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ಹತ್ತು ಚದರ ಮೀಟರಿನ ಶೀಟ್ ಮಾಡಿನಿಂದ 20 ಮಿಲಿಮೀಟರಿನ ಒಂದು ಒಳ್ಳೆಯ ಮಳೆಗೆ 200 ಲೀಟರಿನ ಡ್ರಮ್ ಹೆಚ್ಚುಕಡಿಮೆ ತುಂಬುತ್ತದೆ. ಮೊದಲ ಮಳೆಯ ಧೂಳು ನೀರನ್ನು ಹರಿಯಬಿಟ್ಟು, ಡ್ರಮ್ಮಿನ ಬಾಯಿಗೆ ಸೊಳ್ಳೆ ಹೋಗದಂತೆ ಬಟ್ಟೆ ಬಿಗಿಯಬೇಕು. ನೀರು ಕಡಿಮೆಯಿದ್ದರೆ ಅರ್ಧ ಮಳೆನೀರು, ಅರ್ಧ ಬೋರ್‌ವೆಲ್ ನೀರು ಬೆರೆಸಿದರೂ ಕ್ಷಾರತೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಮಳೆನೀರು ಮುಗಿದ ಮೇಲೆ ಸಿಟ್ರಿಕ್ ಆಸಿಡ್ ಪುಡಿಯ ಸರದಿ. ಕ್ಷಾರತೆ 300ರ ಆಸುಪಾಸಿನಲ್ಲಿರುವ ಹತ್ತು ಲೀಟರ್ ನೀರಿಗೆ 3ರಿಂದ 4 ಗ್ರಾಂ, ಅಂದರೆ ಮುಕ್ಕಾಲು ಟೀ ಚಮಚ, ಬೇಕಾಗುತ್ತದೆ. 200 ಇದ್ದರೆ 2 ಗ್ರಾಂ ಸಾಕು. ಮೊದಲು ಅರ್ಧ ಪ್ರಮಾಣ ಹಾಕಿ ಕಲಕಿ, ಕಾಗದ ಅದ್ದಿ ನೋಡಿ, ಉಳಿದದ್ದನ್ನು ಚಿಟಿಕೆ ಚಿಟಿಕೆಯಾಗಿ ಸೇರಿಸಬೇಕು. ಪುಡಿ ಬಿದ್ದೊಡನೆ ಬಕೆಟ್ಟಿನ ಒಳಗೋಡೆಗೆ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಅದು ಬೈಕಾರ್ಬನೇಟ್ ಒಡೆದು ಹೊರಬರುವ ಇಂಗಾಲದ ಡೈಆಕ್ಸೈಡ್. ಅದು ನೀರಿನಲ್ಲಿರುವಷ್ಟು ಹೊತ್ತು ಕಾಗದ ವಾಸ್ತವಕ್ಕಿಂತ ಹೆಚ್ಚು ಹುಳಿ ತೋರಿಸುತ್ತದೆಯಾದ್ದರಿಂದ, ಒಂದು ಗಂಟೆ ಬಿಟ್ಟು ಮತ್ತೆ ನೋಡುವುದು ಒಳ್ಳೆಯದು. 6ರಿಂದ 6.5ರ ನಡುವೆ ನಿಂತರೆ ಸಾಕು, 5.5ಕ್ಕಿಂತ ಕೆಳಗೆ ಇಳಿಸಬಾರದು. ವಿನೆಗರ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಬೇಗ ತಿಂದು ಮುಗಿಸುವುದರಿಂದ ಪರಿಣಾಮ ಹೆಚ್ಚು ದಿನ ನಿಲ್ಲುವುದಿಲ್ಲ. ಸಿಟ್ರಿಕ್ ಆಸಿಡ್ಡಿಗೂ ಒಂದು ಮಟ್ಟಿಗೆ ಈ ಮಾತು ಸಲ್ಲುತ್ತದೆ, ಹಾಗಾಗಿ ಒಮ್ಮೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಬ್ಯಾಟರಿಯ ಆಸಿಡ್, ಶೌಚಾಲಯ ತೊಳೆಯುವ ಆಸಿಡ್ ಇವುಗಳ ಗೋಜಿಗೆ ಮಾತ್ರ ಹೋಗಬೇಡಿ.

ಮೆದುಗೊಳಿಸುವ ಯಂತ್ರದಿಂದ ಬರುವ ನೀರು ಗಿಡಕ್ಕೆ ಒಳ್ಳೆಯದೆಂದು ಭಾವಿಸುವವರಿದ್ದಾರೆ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ತುಂಬುತ್ತದೆ, ಬೈಕಾರ್ಬನೇಟ್ ಹಾಗೆಯೇ ಉಳಿಯುತ್ತದೆ. ಗಡಸು ನೀರಿಗಿಂತಲೂ ಅದು ಕೆಟ್ಟದ್ದು. ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಲವಣಗಳು ಮೂಲ ನೀರಿಗಿಂತ ಹೆಚ್ಚಾಗಿರುತ್ತವೆ, ಅದು ನೆಲ ಒರೆಸಲು ಸರಿ. ಕೊಳಾಯಿ ನೀರನ್ನು ರಾತ್ರಿಯಿಡೀ ಇಟ್ಟರೆ ಕ್ಲೋರಿನ್ ಹೋಗುತ್ತದೆ, ಗಡಸುತನ ಹೋಗುವುದಿಲ್ಲ. ಫಿಲ್ಟರಿನಲ್ಲಿ ಇಳಿಸಿದ ಮೇಲೆ ಉಳಿಯುವ ಕಾಫಿ ಚರಟ ಬಹುಮಟ್ಟಿಗೆ ತಟಸ್ಥ; ಅದನ್ನು ಹಾಕಿ ಮಣ್ಣು ಹುಳಿಯಾಗುತ್ತದೆಂದು ಕಾಯುವುದು ವ್ಯರ್ಥ.

ಆಗಲೇ ಏರಿರುವ ರಸಸಾರವನ್ನು ಇಳಿಸುವುದು ನಿಧಾನದ ಕೆಲಸ. ಮೇಲಿನ ಒಂದು ಅಂಗುಲ ಮಣ್ಣನ್ನು ಹಕ್ಕಳೆಯೊಂದಿಗೆ ತೆಗೆದು ಹಾಕಿ, ಹತ್ತು ಲೀಟರ್ ಮಣ್ಣಿಗೆ 5 ಗ್ರಾಂನಂತೆ ಗಂಧಕದ ಪುಡಿ ಬೆರೆಸಬಹುದು. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲವಾಗಿಸಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು, ಮಣ್ಣು ತೇವವಾಗಿಯೂ ಇರಬೇಕು. ವಿನೆಗರ್ ಬಿಟ್ಟಾಗ ಮಣ್ಣೇ ನೊರೆಯೇಳುವಷ್ಟು ಸುಣ್ಣ ತುಂಬಿದ್ದರೆ ಗಂಧಕ ಸಾಲುವುದಿಲ್ಲ, ಕುಂಡದ ಮಣ್ಣು ಬದಲಿಸುವುದೇ ಲೇಸು. ಅಷ್ಟರವರೆಗೆ ಗಿಡ ಬದುಕಲು ಕಬ್ಬಿಣ ಕೊಡಬೇಕು: ಲೀಟರ್ ನೀರಿಗೆ 2ರಿಂದ 3 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಮತ್ತು ಚಿಟಿಕೆ ಸಿಟ್ರಿಕ್ ಆಸಿಡ್ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಬಹುದು, ಆದರೆ ತಾರಸಿಯ ಟೈಲ್ಸಿಗೆ ಬಿದ್ದರೆ ತುಕ್ಕಿನ ಕಲೆ ಹೋಗದು. ಬೇರಿಗೆ ಹಾಕುವುದಾದರೆ, ಕಬ್ಬಿಣವನ್ನು ಕರಗಿದ ರೂಪದಲ್ಲೇ ಹಿಡಿದಿಡುವ ರಾಸಾಯನಿಕದೊಂದಿಗೆ ಬೆರೆತ ಗೊಬ್ಬರ ಬೇಕು; ಅವುಗಳಲ್ಲಿ ಇಡಿಟಿಎ ಕಬ್ಬಿಣ ಕ್ಷಾರೀಯ ಮಣ್ಣಿನಲ್ಲಿ ನಿಲ್ಲುವುದಿಲ್ಲ, ಇಡಿಡಿಎಚ್‌ಎ ಎಂದು ಬರೆದಿರುವುದನ್ನೇ ಕೊಳ್ಳಬೇಕು.

ಇಷ್ಟು ಉಪಚಾರ ಎಲ್ಲ ಗಿಡಕ್ಕೂ ಬೇಕಿಲ್ಲ. ಕೇಪಳ, ಗಾರ್ಡೇನಿಯಾ, ಹೈಡ್ರೇಂಜಿಯಾ, ಬ್ಲೂಬೆರಿಗಳಿಗೆ ಅಗತ್ಯ. ದಾಸವಾಳ, ಗುಲಾಬಿ, ನಿಂಬೆಗೆ ಎಲೆ ನೋಡಿಕೊಂಡು ಆಗಾಗ. ತುಳಸಿ, ಅಡೇನಿಯಂಗಳನ್ನು ಅವುಗಳ ಪಾಡಿಗೆ ಬಿಡಬಹುದು. ಕರಾವಳಿ, ಮಲೆನಾಡಿನವರು ಇದನ್ನೋದಿ ಸಿಟ್ರಿಕ್ ಆಸಿಡ್ ತರಲು ಹೊರಡಬಾರದು. ಹಲವೆಡೆ ವರ್ಷಕ್ಕೆ 3000 ಮಿಲಿಮೀಟರ್ ಮೀರುವ ಮಳೆ ತೊಳೆದ ಅಲ್ಲಿನ ಜಂಬಿಟ್ಟಿಗೆ ಮಣ್ಣು ಮೊದಲೇ ಹುಳಿ, ಬಾವಿಯ ನೀರು ಹೆಚ್ಚಾಗಿ ಮೆದು. ಯೂರಿಯಾ ಹಾಕುತ್ತ ಹೋದರೆ ಕುಂಡದ ರಸಸಾರ ಇನ್ನೂ ಇಳಿಯುತ್ತದೆ. ಅಲ್ಲಿ ಹತ್ತು ಲೀಟರ್ ಮಣ್ಣಿಗೆ 10ರಿಂದ 20 ಗ್ರಾಂ ಡಾಲೊಮೈಟ್ ಬೆರೆಸಬೇಕಾದೀತು, ಒಲೆಯ ಬೂದಿಯನ್ನು ಮಿತವಾಗಿ ಬಳಸಿದರೂ ಆದೀತು.

ನಮ್ಮ ಕೇಪಳಕ್ಕೆ ಮಣ್ಣು ಬದಲಿಸಿ, ಮಳೆನೀರಿನ ಡ್ರಮ್ಮನ್ನು ಅದಕ್ಕೂ ಪಕ್ಕದ ಗಾರ್ಡೇನಿಯಾಕ್ಕೂ ಮೀಸಲಿಟ್ಟಿದ್ದೇನೆ. ಹಳದಿಯಾಗಿದ್ದ ಎಲೆಗಳು ಪೂರ್ತಿ ಹಸಿರಾಗಲಿಲ್ಲ, ಒಂದೊಂದಾಗಿ ಉದುರಿದವು. ಆರನೆಯ ವಾರ ಬಂದ ಚಿಗುರು ಮಾತ್ರ ನರವೂ ಎಲೆಯೂ ಒಂದೇ ಬಣ್ಣವಾಗಿತ್ತು.