ಚಾಕುವಿನ ಗೀರು ತೆಗೆಯುವಾಗ ಕೈ ಯಾವ ದಿಕ್ಕಿಗೆ ಓಡಬೇಕು?

ಹರಿತ ಮಾಡುವಾಗ ಕಲ್ಲು ಜಾರಿದರೆ ಅಲಗಿನ ಮೇಲೆ ಗೀರು ಬೀಳುತ್ತದೆ. ಸ್ಟೀಲ್ ನಾರಿನಿಂದ ತಿಕ್ಕಿದರೂ ಅಷ್ಟೇ. ಗೀರು ಕಂಡ ಕೂಡಲೇ ಎಷ್ಟೋ ಜನ ಕೈಗೆ ಸಿಕ್ಕ ಉಪ್ಪುಕಾಗದ ಹಿಡಿದು ಗುಂಡಗೆ ಉಜ್ಜಿಬಿಡುತ್ತಾರೆ. ಒಂದು ಗೀರಿದ್ದ ಕಡೆ ನೂರಾಗುತ್ತವೆ.

ಗೀರನ್ನು ಅಳಿಸಲು ಆಗುವುದಿಲ್ಲ. ಅದರ ತಳದವರೆಗೆ ಸುತ್ತಲಿನ ಲೋಹವನ್ನು ಸವೆಸಬೇಕು, ಅಷ್ಟೇ ದಾರಿ. ಹಾಗಾಗಿ ಉಗುರು ಬಲವಾಗಿ ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಬಿಟ್ಟುಬಿಡಿ. ಕಪ್ಪು ಲೇಪನವಿರುವ ಅಲಗನ್ನೂ ಮುಟ್ಟಬೇಡಿ. ಡಮಾಸ್ಕಸ್ (ಅಲೆಯಂಥ ವಿನ್ಯಾಸವಿರುವ ಉಕ್ಕಿನ) ಅಲಗಾದರೆ ಉಜ್ಜಿದಷ್ಟೂ ವಿನ್ಯಾಸ ಮಸುಕಾಗುತ್ತದೆ.

ಮೊದಲು ಚಾಕು ತೊಳೆದು ಒರೆಸಿ, ಅದರ ಹರಿತವಾದ ಬಾಯಿಗೆ ಎರಡು ಸುತ್ತು ಟೇಪ್ ಹಾಕಿ. ಹಲಗೆಯ ಮೇಲೆ ಮಲಗಿಸಿ ಕ್ಲಾಂಪ್ ಬಿಗಿಯಿರಿ. ಕೈಯಲ್ಲಿ ಹಿಡಿದು ಉಜ್ಜುವುದು ಬೇಡವೇ ಬೇಡ.

ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಉಪ್ಪುಕಾಗದ ಬೇಕು. ನಂಬರ್ ಹೆಚ್ಚಾದಷ್ಟೂ ಪೇಪರ್ ನಯ. ಮೊದಲು 1000 ನಂಬರಿನಲ್ಲಿ ನೋಡಿ. ಗೀರು ಅಲುಗದಿದ್ದರೆ 600, ಆಮೇಲೆ 400. ಗೀರು ಹೋದ ಮೇಲೆ ಅದೇ ನಂಬರುಗಳಲ್ಲಿ ಮತ್ತೆ ಮೇಲಕ್ಕೆ ಬನ್ನಿ. ನೇರವಾಗಿ 400ಕ್ಕೆ ಕೈಹಾಕಿದರೆ ಅದು ಮಾಡುವ ಗೀರುಗಳನ್ನು ತೆಗೆಯುವ ಕೆಲಸವೇ ಜಾಸ್ತಿಯಾಗುತ್ತದೆ.

ಜನ ಎಡವುವುದು ಇನ್ನು ಮುಂದೆ. ಅಲಗನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕಾರ್ಖಾನೆಯಲ್ಲಿ ಉಜ್ಜಿದ ಸಣ್ಣ ಗೆರೆಗಳು ಕಾಣುತ್ತವೆ, ಅಲ್ವಾ? ಅವು ಬೆನ್ನಿನಿಂದ ಬಾಯಿಗೆ ಇಳಿದಿವೆಯೋ, ಉದ್ದಕ್ಕೆ ಹೋಗಿವೆಯೋ ಗುರುತು ಮಾಡಿಕೊಳ್ಳಿ. ಕೊನೆಯ ಪೇಪರ್ ಅದೇ ದಿಕ್ಕಿನಲ್ಲಿ ಓಡಬೇಕು.

ಪೇಪರನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ. ಬರೀ ಬೆರಳಿನಿಂದ ಒತ್ತಿದರೆ ಆ ಜಾಗ ತಗ್ಗಾಗಿ, ಬೆಳಕಿನಲ್ಲಿ ಅಲಗು ಅಲೆ ಅಲೆಯಾಗಿ ಕಾಣುತ್ತದೆ. ಸೋಪು ಬೆರೆಸಿದ ನೀರು ಚಿಮುಕಿಸಿ. ಗೀರಿದ್ದಲ್ಲಿ ಮಾತ್ರವಲ್ಲ, ಆ ಬದಿಯನ್ನು ಪೂರ್ತಿ ಉಜ್ಜಿ, ಇಲ್ಲದಿದ್ದರೆ ತೇಪೆ ಹಾಕಿದಂತೆ ಕಾಣುತ್ತದೆ. ನಂಬರ್ ಬದಲಿಸಿದಾಗ ದಿಕ್ಕನ್ನೂ ಸ್ವಲ್ಪ ಓರೆ ಮಾಡಿ. ಆಗ ಹಿಂದಿನ ಪೇಪರಿನ ಗೆರೆ ಎಲ್ಲಿ ಉಳಿದಿದೆ ಎಂದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಅದು ಪೂರ್ತಿ ಹೋಗುವವರೆಗೆ ಮುಂದಿನ ನಂಬರಿಗೆ ಹೋಗಬೇಡಿ. 400ರಿಂದ ಒಮ್ಮೆಲೇ 2000ಕ್ಕೆ ಹಾರಿದರೆ ಹೊಳಪು ಬರುತ್ತದೆ ನಿಜ, ಆದರೆ ಆ ಹೊಳಪಿನಲ್ಲೇ ಹಳೇ ಗೆರೆಗಳು ಎದ್ದು ಕಾಣುತ್ತವೆ. ನಡುನಡುವೆ ಅಲಗು ತೊಳೆಯಿರಿ. ಒರಟು ಪೇಪರಿನ ಒಂದು ಕಣ ಉಳಿದರೂ ಹೊಸ ಗೀರು ಗ್ಯಾರಂಟಿ.

ಕೊನೆಯ ಸುತ್ತಿಗೆ ಹೊಸ ಪೇಪರ್ ತುಂಡು ತೆಗೆದುಕೊಳ್ಳಿ. ಒಂದೇ ಕಡೆಗೆ ಎಳೆಯಿರಿ, ಎತ್ತಿ, ಮತ್ತೆ ಮೊದಲಿನಿಂದ ಎಳೆಯಿರಿ. ಹಿಂದೆ ಮುಂದೆ ಉಜ್ಜಿದರೆ ಕೈ ತಿರುಗಿದ ಕಡೆಯೆಲ್ಲ ಕೊಕ್ಕೆಯಂಥ ಗುರುತು ಉಳಿಯುತ್ತದೆ.

ನನ್ನ ಮಟ್ಟಿಗೆ ದಿನಬಳಕೆಯ ಚಾಕುವಿಗೆ 1000 ಸಾಕು. ಕನ್ನಡಿ ಹೊಳಪು ಕೊಟ್ಟರೆ ನಾಳೆ ಬೀಳುವ ಸಣ್ಣ ಗೀರೂ ಎದ್ದು ಕಾಣುತ್ತದೆ. ಟೂತ್‌ಪೇಸ್ಟ್ ಹಚ್ಚಿ ಸುಮ್ನೆ ಸಮಯ ಹಾಳು ಮಾಡಬೇಡಿ, ಅದರಿಂದ ಗೀರು ಹೋಗುವುದಿಲ್ಲ. ಗ್ರೈಂಡರ್ ಅಂತೂ ಬೇಡ. ಬಿಸಿಗೆ ಉಕ್ಕು ನೀಲಿಗಟ್ಟಿದರೆ ಅದರ ಗಡಸುತನ ಹೋಯಿತೆಂದೇ ಲೆಕ್ಕ.

ಟೇಪನ್ನು ಬೆನ್ನಿನ ಕಡೆಯಿಂದ ಬಿಡಿಸಿ, ತೊಳೆದು, ಚೆನ್ನಾಗಿ ಒಣಗಿಸಿ. ಕಾರ್ಬನ್ ಸ್ಟೀಲ್ ಆದರೆ ತಕ್ಷಣ ತೆಳ್ಳಗೆ ಎಣ್ಣೆ ಸವರಿ. ಹೊಸದಾಗಿ ಉಜ್ಜಿದ ಮೈಗೆ ತುಕ್ಕು ಬೇಗ ಹಿಡಿಯುತ್ತದೆ. ಹರಿತ ಮಾಡುವುದಿದ್ದರೆ ಇದೆಲ್ಲ ಮುಗಿದ ಮೇಲೆ, ಅದೂ ಅಲಗಿನ ಬದಿಗೆ ಟೇಪ್ ಅಂಟಿಸಿಕೊಂಡು.