ಊರಿನ ಬಾಲ, ಹೆಸರಿನ ಬಾಲ

ಇಂಗ್ಲೆಂಡಿಗೆ ಬಂದ ಮೊದಲ ದಿನವೇ ಲಂಡನ್ನಿನ ಸ್ಟೇಷನ್ನಿನಲ್ಲಿ ‘ಲೈಸೆಸ್ಟರ್’ಗೆ ಟಿಕೆಟ್ ಕೇಳಿದ್ದೆ. ಕೌಂಟರಿನಾಕೆಗೆ ಮೂರು ಸಲ ಹೇಳಿದರೂ ತಿಳಿಯಲಿಲ್ಲ. ಚೀಟಿಯಲ್ಲಿ ಬರೆದು ತೋರಿಸಿದ ಮೇಲೆ ‘ಓ, ಲೆಸ್ಟರ್!’ ಅಂದಳು. ಬರೆದಂತೆ ಓದುವ ನಮ್ಮ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ನಾರ್ವಿಚ್ ಅಲ್ಲ, ನಾರಿಚ್. ಡೆರ್ಬಿ ಅಲ್ಲ, ಡಾರ್ಬಿ. ನಮ್ಮ ಪಕ್ಕದ ಗ್ರೋಬಿಯನ್ನು ಗ್ರೂಬಿ ಅನ್ನಬೇಕು. ‘ಬೆಲ್ವಾಯರ್’ ಅಂತ ಬರೆದುಕೊಂಡ ಕೋಟೆಯಂತೂ ಬಾಯಲ್ಲಿ ‘ಬೀವರ್’. ಅದು ಫ್ರಾನ್ಸಿನಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಫ್ರೆಂಚ್ ಹೆಸರು, ಸೊಗಸಾದ ನೋಟ ಅಂತ ಅರ್ಥ. ಇಂಗ್ಲಿಷರ ನಾಲಿಗೆಗೆ ಹೊರಳಲಿಲ್ಲ. ಮಡಿಕೇರಿಯನ್ನು ಮರ್ಕೆರಾ ಮಾಡಿದವರೂ ಇವರೇ ತಾನೆ!

ಊರಿನ ಹೆಸರಿನ ಬಾಲ ಹಿಡಿದರೆ ಅರ್ಧ ಚರಿತ್ರೆ ಸಿಕ್ಕಿತು. ನಮ್ಮ ಹಳ್ಳಿ, ಪುರ, ಕೆರೆ, ಸಂದ್ರಗಳ ಹಾಗೆಯೇ. ‘ಚೆಸ್ಟರ್’, ‘ಸೆಸ್ಟರ್’ ಇದ್ದಲ್ಲಿ ಸಾಮಾನ್ಯವಾಗಿ ರೋಮನ್ನರ ಕಾಲದ ಕೋಟೆಯೋ ಪಟ್ಟಣವೋ ಇತ್ತು. ‘ಹ್ಯಾಮ್’, ‘ಟನ್’ ರೋಮನ್ನರ ನಂತರ ಬಂದು ನೆಲೆಸಿದ ಆಂಗ್ಲೋ-ಸ್ಯಾಕ್ಸನ್ನರ ಮನೆ, ಬೇಲಿ ಹಾಕಿದ ಹೊಲಮನೆ. ನಾಟಿಂಗ್‌ಹ್ಯಾಮ್ ಮೊದಲು ಸ್ನಾಟ್ ಎಂಬವನ ಕಡೆಯವರ ಊರು. ಮುಂದಿನ ‘ಸ್’ ಉದುರಿಹೋದದ್ದು ಊರಿನವರ ಪುಣ್ಯ, ಈಗ ಆ ಪದಕ್ಕೆ ಸಿಂಬಳ ಅಂತ ಅರ್ಥ. 9ನೇ ಶತಮಾನದಲ್ಲಿ ಡೆನ್ಮಾರ್ಕ್ ಕಡೆಯ ಡೇನರು ಈ ಸೀಮೆ ಹಿಡಿದರು. ಅವರ ಭಾಷೆಯಲ್ಲಿ ‘ಬಿ’ ಅಂದರೆ ಊರು. ಅದಕ್ಕೇ ಲೆಸ್ಟರಿನ ಸುತ್ತ ಓಡ್ಬಿ, ಬ್ಲೇಬಿ, ರಾಟ್ಬಿ. ಗ್ರಿಮ್ಸ್‌ಬಿ ಗ್ರಿಮ್ ಎಂಬವನ ಊರು, ನಮ್ಮ ತಿಮ್ಮನಹಳ್ಳಿ ಇದ್ದ ಹಾಗೆ.

ಜನರ ಹೆಸರೂ ಅಷ್ಟೆ. ಸ್ಮಿತ್ ಕಮ್ಮಾರ, ಪಾಟರ್ ಕುಂಬಾರ. ವಾಕರ್ ನಡೆಯುವವನೇನೋ ಹೌದು, ಆದರೆ ದಾರಿಯಲ್ಲಲ್ಲ: ನೆಯ್ದ ಉಣ್ಣೆಬಟ್ಟೆಯನ್ನು ತೊಟ್ಟಿಯಲ್ಲಿ ತುಳಿದು ಹದ ಮಾಡುತ್ತಿದ್ದವನು. ಹುಬ್ಬಳ್ಳಿ ಕಡೆಯ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಮನೆತನಗಳ ವಿಷಯ ಹೇಳಿದರೆ ಇಲ್ಲಿಯವರು ಖುಷಿಯಿಂದ ಕೇಳುತ್ತಾರೆ.

ಕಷ್ಟವಿರುವುದು ಹಳೇ ಮೈಸೂರಿನ ನಮ್ಮಂಥವರಿಗೆ. ನಮ್ಮದು ಊರು, ಅಪ್ಪ, ಆಮೇಲೆ ತಾನು, ಅಡ್ಡಹೆಸರೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಆ ಜಾಗಕ್ಕೆ ಅಪ್ಪನ ಹೆಸರು ಬಿದ್ದರೆ ಜೀವನಪೂರ್ತಿ ಅದೇ ನೀವು. ಒಂದು ಆಸ್ಪತ್ರೆಯಲ್ಲಿ ನರ್ಸ್ ‘ಮಿಸ್ಟರ್ ರಂಗಪ್ಪ’ ಅಂತ ಕೂಗುತ್ತಲೇ ಇದ್ದಳು, ನಾನು ಕೂತೇ ಇದ್ದೆ. ರಂಗಪ್ಪನವರು ಆ ಹೊತ್ತಿಗೆ ಹುಳಿಯಾರಿನ ತೋಟದಲ್ಲಿ ಕಾಯಿ ಕೀಳಿಸುತ್ತಿದ್ದರು. ಆದ್ದರಿಂದ ಹೊರಡುವ ಮೊದಲೇ ನೋಡಿಕೊಳ್ಳಿ: ಅಡ್ಡಹೆಸರಿನ ಜಾಗ ಖಾಲಿ ಇರಬಾರದು, ಪಾಸ್‌ಪೋರ್ಟ್, ಡಿಗ್ರಿ ಸರ್ಟಿಫಿಕೇಟ್, ಮದುವೆ ಪತ್ರ ಎಲ್ಲದರಲ್ಲೂ ಅಕ್ಷರಗಳು ಒಂದೇ ಇರಬೇಕು.

ಇಲ್ಲಿ ಮಗು ಹುಟ್ಟಿದರೆ 42 ದಿನದೊಳಗೆ ನೋಂದಾಯಿಸಬೇಕು. ಅಡ್ಡಹೆಸರು ಏನಿಡಬೇಕೆಂಬುದು ನಿಮ್ಮಿಷ್ಟ. ಜಗಳ ಏನಿದ್ದರೂ ಮನೆಯಲ್ಲೇ ಮುಗಿಸಿ ಹೋಗಿ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಹೆಸರಲ್ಲಿ ಉಳಿದದ್ದು ಹಿರೀಕರು ಬಿಟ್ಟುಬಂದ ಆಂಧ್ರದ ಮೋಕ್ಷಗುಂಡಂ. ನಾವೂ ಹಾಗೇ ಹುಳಿಯಾರು ಅಂತಲೇ ಬರೆಸಿದೆವು. ಮಗಳು ಈಗ ಶಾಲೆಯಲ್ಲಿ ಟೀಚರಿಗೆ ‘ಳ’ ಹೇಳಿಕೊಡುತ್ತಿದ್ದಾಳೆ, ಅವರಿಗಿನ್ನೂ ಬಂದಿಲ್ಲ.