ಕೊತ್ತಂಬರಿ ಸೊಪ್ಪು ಬೇರೆ ಬಟ್ಟಲಲ್ಲಿಡಿ

ದಕ್ಷಿಣ ಕೊರಿಯಾದ ಸುವೊನ್‌ಗೆ ಬಂದ ಮೊದಲ ವರ್ಷ ನಮ್ಮವರ ಆಫೀಸಿನವರನ್ನು ಊಟಕ್ಕೆ ಕರೆದಿದ್ದೆವು. ಹೊಸ ಮನೆಗೆ ಹೋದವರು ಹೀಗೆ ಕರೆಯುವುದು ಇಲ್ಲಿ ರೂಢಿ. ಜಿಪ್‌ತುರಿ ಅನ್ನುತ್ತಾರೆ. ಆರು ಜನ ಬಂದರು. ಒಬ್ಬರ ಕೈಯಲ್ಲಿ ಮೂವತ್ತು ಸುರುಳಿಯ ಟಾಯ್ಲೆಟ್ ಪೇಪರ್ ಕಟ್ಟು, ಇನ್ನೊಬ್ಬರ ಕೈಯಲ್ಲಿ ಬಟ್ಟೆ ಒಗೆಯುವ ಲಿಕ್ವಿಡ್. ನಿಮಗೂ ಇದೇ ಬರುತ್ತದೆ, ನಗಬೇಡಿ. ನೊರೆ ಉಕ್ಕಿದ ಹಾಗೆ ದುಡ್ಡು ಉಕ್ಕಲಿ, ಸುರುಳಿ ಬಿಚ್ಚಿಕೊಂಡ ಹಾಗೆ ಕೆಲಸಗಳು ಸಲೀಸಾಗಲಿ ಅನ್ನುವ ಹಾರೈಕೆ ಅದು.

ನಾನು ಮಾಡಿದ್ದು ತರಕಾರಿ ಪಲಾವ್, ಮೊಸರು ಬಜ್ಜಿ, ಆಲೂಗಡ್ಡೆ ಪಲ್ಯ, ಅಕ್ಕಿ ಪಾಯಸ. ಜೊತೆಗೆ ಊರಿಂದ ತಂದ ಮೈಸೂರು ಪಾಕ್. ಪಾಯಸ, ಮೈಸೂರು ಪಾಕ್ ಬಿಟ್ಟು ಎಲ್ಲದರ ಮೇಲೂ ಧಾರಾಳವಾಗಿ ಕೊತ್ತಂಬರಿ ಸೊಪ್ಪು. ರಾಜಧಾನಿ ಸೋಲ್‌ನ ಇತೆವೊನ್‌ವರೆಗೆ ಹೋಗಿ, ದುಬಾರಿ ಕೊಟ್ಟು ತಂದಿದ್ದ ಸೊಪ್ಪು ಅದು. ಎಲ್ಲರೂ ಒಂದೊಂದು ಚಮಚ ಬಾಯಿಗಿಟ್ಟು "ದೊಕ್‌ತುಕಾನೆಯೊ" ಎಂದರು. ನಿಘಂಟು ನೋಡಿದೆ. 'ವಿಶಿಷ್ಟವಾಗಿದೆ' ಅಂತಿತ್ತು. ಹಿಗ್ಗಿ ಹೀರೇಕಾಯಿ ಆದೆ.

ಆ ಮಾತಿನ ಅರ್ಥ 'ನನ್ನ ಕೈಲಿ ತಿನ್ನೋಕೆ ಆಗ್ತಿಲ್ಲ' ಅಂತ ಗೊತ್ತಾಗಲು ನನಗೆ ಎರಡು ವರ್ಷ ಹಿಡಿಯಿತು. ಅದಕ್ಕೇ ಹೊಸದಾಗಿ ಬಂದವರಿಗೆ ಇದನ್ನು ಬರೆಯುತ್ತಿದ್ದೇನೆ. ನಮ್ಮ ಅಡುಗೆ ಇವರಿಗೆ ಹಿಡಿಸುತ್ತಾ ಅಂತ ನೇರವಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಮನೆಯೊಡತಿಯ ಎದುರು ಯಾರು ಹೇಳುತ್ತಾರೆ? ಆದರೆ ಅಮೆರಿಕದ, ಯುರೋಪಿನ ತಿಂಡಿಗಳಲ್ಲಿ ಯಾವುದು ಆಗಿಬರುವುದಿಲ್ಲ ಅಂತ ಕೇಳಿ ನೋಡಿ, ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಅದರಲ್ಲಿ ನಮ್ಮ ಅಡುಗೆಮನೆಗೂ ಬೇಕಾದಷ್ಟು ಪಾಠ ಇದೆ.

ಮೊದಲು ಕಲಿಯಬೇಕಾದ ಪದ 'ನುಕ್ಕಿಹಾದಾ'. ಬೆಣ್ಣೆ, ಚೀಸ್, ಕ್ರೀಮ್ ಜಾಸ್ತಿಯಾಗಿ ನಾಲ್ಕು ತುತ್ತಿಗೇ ಸಾಕು ಅನಿಸುತ್ತದಲ್ಲ, ಅದಕ್ಕೆ ಹೇಳುವ ಮಾತು. ನಾವು 'ಮುಖಕ್ಕೆ ಹೊಡೆಯುತ್ತೆ' ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ತುಪ್ಪ ಸುರಿದ ಹೋಳಿಗೆ ಮೂರನೆಯದಕ್ಕೆ ಬಂದಾಗ ಕೈ ತಾನಾಗಿ ಉಪ್ಪಿನಕಾಯಿ ಕಡೆ ಹೋಗುವ ಹಾಗೆ, ಇವರ ಕೈ ಕಿಮ್ಚಿ ಕಡೆ ಹೋಗುತ್ತದೆ. ಕಿಮ್ಚಿ ಇಲ್ಲದ ಕಡೆ ಸೌತೆಕಾಯಿ ಪಿಕಲ್. ಪಿಜ್ಜಾ ತರಿಸಿದರೆ ಡಬ್ಬದ ಜೊತೆ ಸಿಹಿ-ಹುಳಿ ಸೌತೆಕಾಯಿಯ ಪುಟ್ಟ ಕಪ್ ಬಂದೇ ಬರುತ್ತದೆ. ವೈಟ್ ಸಾಸ್ ಪಾಸ್ತಾ ಕೊಡುವ ಹೋಟೆಲಿನಲ್ಲೂ ಅಷ್ಟೇ. ಮೊದಲಿಗೆ ಇದೇನು ವಿಚಿತ್ರ ಅನಿಸಿತ್ತು. ಈಗ ಅದಿಲ್ಲದೆ ನನಗೂ ಇಳಿಯುವುದಿಲ್ಲ.

ಜಿಡ್ಡನ್ನು ಇವರು ಪಳಗಿಸಿದ ರೀತಿ ನೋಡಬೇಕೆಂದರೆ ಬುದೆ ಜಿಗೆ ಸಾಕು. 1950-53ರ ಯುದ್ಧದ ನಂತರದ ಬಡತನದಲ್ಲಿ ಅಮೆರಿಕನ್ ಸೇನಾನೆಲೆಗಳಿಂದ ಹೊರಬಂದ ಸ್ಪ್ಯಾಮ್ ಅನ್ನುವ ಡಬ್ಬಿ ಹಂದಿಮಾಂಸ, ಸಾಸೇಜ್‌ಗಳನ್ನು ಕಿಮ್ಚಿ ಮತ್ತು ಖಾರದ ಸಾರಿಗೆ ಹಾಕಿ ಕುದಿಸಿದರು. ಹೆಸರಿಗೇ ಸೈನ್ಯದ ಸಾರು. ಉಯಿಜೊಂಗ್‌ಬು ಊರಿನಲ್ಲಿ ಅದಕ್ಕೆಂದೇ ಒಂದು ಬೀದಿ ಇದೆ. ಡಬ್ಬಿಯ ಮಾಂಸವನ್ನು ಹಾಗೇ ತಿನ್ನು ಅಂದರೆ ಮುಖ ಸಿಂಡರಿಸುವವರೂ ಇದನ್ನು ಬೆವರು ಸುರಿಸುತ್ತಾ ತಿನ್ನುತ್ತಾರೆ. ಸ್ಪ್ಯಾಮ್ ಅಂತೂ ಈಗ ಛುಸೊಕ್ ಹಬ್ಬಕ್ಕೆ ಚೆಂದದ ಪೆಟ್ಟಿಗೆಯಲ್ಲಿ ಉಡುಗೊರೆಯಾಗಿ ಬರುತ್ತದೆ. ಸಸ್ಯಾಹಾರಿಗಳ ಮನೆಗೂ ಬರುತ್ತದೆ. ನಾವು ಪಕ್ಕದ ಮನೆಗೆ ದಾಟಿಸುತ್ತೇವೆ.

ಸಿಹಿ ವಿಷಯಕ್ಕೆ ಬಂದರೆ, ಕೇಕ್ ತಿಂದು ಇವರು ಕೊಡುವ ದೊಡ್ಡ ಹೊಗಳಿಕೆ "ಅಷ್ಟೇನೂ ಸಿಹಿ ಇಲ್ಲ, ಚೆನ್ನಾಗಿದೆ" ಎಂಬುದು. ಅಮೆರಿಕದ ಬಟರ್‌ಕ್ರೀಮ್ ಕೇಕ್ ಕಂಡರೆ ಹಿಂದೆ ಸರಿಯುತ್ತಾರೆ. ಇನ್ನು ನಮ್ಮ ಮೈಸೂರು ಪಾಕ್! ಸಕ್ಕರೆ, ತುಪ್ಪ ಎರಡೂ ಒಟ್ಟಿಗೆ. ಅವತ್ತು ನಮ್ಮವರ ಟೀಮ್ ಲೀಡರ್ ಒಂದು ತುಂಡನ್ನು ಚಾಕುವಿನಲ್ಲಿ ಕಡಲೆಕಾಳಿನಷ್ಟು ಚಿಕ್ಕದಾಗಿ ಕತ್ತರಿಸಿ, ಅಮೆರಿಕಾನೊ ಕಾಫಿ ಜೊತೆ ಹತ್ತು ನಿಮಿಷ ತಿಂದರು. ಅದು ಮರ್ಯಾದೆ. ಈಗ ನಾನೇ ಸಣ್ಣ ತುಂಡು ಮಾಡಿ ಕೊಡುತ್ತೇನೆ, ಜೊತೆಗೆ ಹಾಲು ಸಕ್ಕರೆ ಇಲ್ಲದ ಕಾಫಿ. ಹಾಗೆ ಕೊಟ್ಟರೆ ಇನ್ನೊಂದು ಕೇಳುತ್ತಾರೆ.

ಇವರಿಗೆ ಸಿಹಿಯೇ ಬೇಡ ಅಂದುಕೊಂಡರೆ ಮೋಸ ಹೋಗುತ್ತೀರಿ. ನಮಗೆ ಬೇಡವಾದ ಕಡೆಯೆಲ್ಲ ಸಿಹಿ ಹಾಕುತ್ತಾರೆ. ಬೆಳ್ಳುಳ್ಳಿ ಬ್ರೆಡ್ ಸಿಹಿ. ಪಿಜ್ಜಾ ಮೇಲೆ ಸಿಹಿಗೆಣಸು. ಉಪ್ಪು-ವಿನೆಗರ್ ಚಿಪ್ಸ್ ಕೊಟ್ಟರೆ ಹಲ್ಲು ಜುಂ ಅಂದವರ ಹಾಗೆ ಮುಖ ಮಾಡುತ್ತಾರೆ. ಅದೇ ಜನ 2014ರಲ್ಲಿ ಜೇನು-ಬೆಣ್ಣೆ ರುಚಿಯ ಹನಿ ಬಟರ್ ಚಿಪ್ ಬಂದಾಗ ಅಂಗಡಿಯಿಂದ ಅಂಗಡಿಗೆ ಹುಡುಕಿಕೊಂಡು ಅಲೆದರು.

ಈಗ ರೂಟ್ ಬಿಯರ್ ಕಥೆ. ಹೆಸರಿಗೆ ಬಿಯರ್ ಅಷ್ಟೇ, ಅಮೆರಿಕದ ಸೋಡಾ. ಕೊರಿಯಾದವರಿಗೆ ಕುಡಿಸಿ ನೋಡಿ, ಹತ್ತರಲ್ಲಿ ಎಂಟು ಜನ "ಪಾಸು!" ಅನ್ನುತ್ತಾರೆ. ಪಾಸು ಅಂದರೆ ಸೊಂಟನೋವಿಗೆ ಅಂಟಿಸುವ ಪಟ್ಟಿ. ಸುಮ್ನೆ ಹೇಳುವ ಮಾತಲ್ಲ. ರೂಟ್ ಬಿಯರ್‌ಗೆ ಮೊದಲು ಸಸಾಫ್ರಾಸ್ ಮರದ ಬೇರು ಹಾಕುತ್ತಿದ್ದರು. ಅದರಲ್ಲಿನ ಸ್ಯಾಫ್ರೋಲ್ ಅನ್ನುವ ಅಂಶವನ್ನು ಆಹಾರಕ್ಕೆ ಬಳಸುವುದನ್ನು 1960ರಲ್ಲಿ ಅಮೆರಿಕ ಸರ್ಕಾರ ನಿಷೇಧಿಸಿತು. ಇವತ್ತಿನ ಎಷ್ಟೋ ರೂಟ್ ಬಿಯರ್‌ಗಳ ಘಮಕ್ಕೆ ವಿಂಟರ್‌ಗ್ರೀನ್ ಗಿಡದ ಪರಿಮಳ ಕಾರಣ. ನೋವಿನ ಮುಲಾಮುಗಳಿಗೆ ಹಾಕುವುದೂ ಅದೇ ವಾಸನೆ. ನಾನೂ ಮೊದಲ ಗುಟುಕಿಗೇ "ಅಯ್ಯೋ, ಐಯೋಡೆಕ್ಸ್!" ಅಂದೆ. ಅಮೆರಿಕದ ಮಗುವಿಗೆ ಅದು ಐಸ್‌ಕ್ರೀಮ್ ತೇಲಿಸಿ ಕುಡಿದ ಬೇಸಿಗೆಯ ನೆನಪು. ಇಲ್ಲಿಯವರಿಗೆ ಅಜ್ಜಿಯ ಮಂಡಿ. ನಮಗೆ ಕ್ರಿಕೆಟ್ ಆಡಿ ಉಳುಕಿದ ಕಾಲು. ನನ್ನಾರಿ ಶರಬತ್ತು ಕುಡಿದು ಬೆಳೆದ ನಮ್ಮವರಿಗೆ ಮಾತ್ರ ಇದು ಎರಡನೇ ಸಲಕ್ಕೆ ಹಿಡಿಸಿಬಿಟ್ಟಿತು, ಅದು ಬೇರೆ ಮಾತು.

ಕಪ್ಪು ಲಿಕರಿಸ್ ಮಿಠಾಯಿಯದೂ ಇದೇ ಪಾಡು. ಲಿಕರಿಸ್ ಅಂದರೆ ನಮ್ಮ ಜೇಷ್ಠಮಧು, ಇಲ್ಲಿ ಗಮ್ಚೊ, ನಾಟಿ ಔಷಧಿಯ ಕಷಾಯಗಳಿಗೆಲ್ಲ ಬೀಳುವ ಬೇರು. ಎಲ್ಲ ಕಡೆ ಮೂಗು ತೂರಿಸುವವರನ್ನು 'ಔಷಧಿ ಅಂಗಡಿಯ ಗಮ್ಚೊ' ಅನ್ನುತ್ತಾರೆ. ಕಷಾಯದ ರುಚಿಯನ್ನು ದುಡ್ಡು ಕೊಟ್ಟು ಮಿಠಾಯಿ ಅಂತ ತಿನ್ನುವುದೇಕೆ ಅನ್ನುವುದು ಇವರ ಪ್ರಶ್ನೆ. ನ್ಯಾಯವೇ. ಮಿಂಟ್ ಚಾಕೊಲೇಟ್ ವಿಷಯದಲ್ಲಂತೂ ದೇಶವೇ ಎರಡು ಪಕ್ಷ, 'ಟೂತ್‌ಪೇಸ್ಟ್' ಅನ್ನುವವರು ಒಂದು ಕಡೆ, ಪ್ರಾಣ ಬಿಡುವವರು ಇನ್ನೊಂದು ಕಡೆ. ಹೊಸ ಪರಿಚಯದವರ ಜೊತೆ ಮಾತು ಶುರು ಮಾಡಲು ಇದಕ್ಕಿಂತ ಸುಲಭದ ವಿಷಯ ಇಲ್ಲ. ನೀಲಿ ಚೀಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮೋನಿಯ ವಾಸನೆಯ ಹೊಂಗೊ ಮೀನು ತಿನ್ನುವವರೂ ಅದಕ್ಕೆ ಮೂಗು ಮುಚ್ಚಿಕೊಳ್ಳುತ್ತಾರೆ.

ಪಾಯಸ ಯಾಕೆ ಸೋತಿತು ಅಂತ ನನಗೆ ತಿಳಿದದ್ದು ಯುರೋಪಿನ ರೈಸ್ ಪುಡ್ಡಿಂಗ್ ಬಗ್ಗೆ ಇವರು ಆಡಿಕೊಂಡಾಗ. ಅನ್ನಕ್ಕೆ ಹಾಲು, ಸಕ್ಕರೆಯೇ? ಅಕ್ಕಿಯ ಸಿಹಿ ಪಾನಕ ಶಿಖೆ ಇವರಲ್ಲೇ ಇದೆ, ರಾಜರ ಕಾಲದಲ್ಲಿ ಅರಮನೆಗೆ ಹಾಲಿನ ಗಂಜಿಯೂ ಇತ್ತು. ಆದರೂ ದಿನನಿತ್ಯದ ಅನ್ನಕ್ಕೆ ಹಾಲು ಬೆರೆಸುವುದು ಒಗ್ಗುವುದಿಲ್ಲ. ಹೀಗಿರುವಾಗ ಮೊಸರನ್ನ! ಮೊಸರು ಇಲ್ಲಿ ಸಿಹಿ ತಿಂಡಿ. ಅಂಗಡಿಯಲ್ಲಿ 'ಪ್ಲೇನ್' ಅಂತ ಬರೆದದ್ದರಲ್ಲೂ ಎಷ್ಟೋ ಸಲ ಸಕ್ಕರೆ ಇರುತ್ತದೆ. 'ಮುಗಾದಾಂಗ್', ಅಂದರೆ ಸಕ್ಕರೆ ಸೇರಿಸಿಲ್ಲ ಅಂತ ಇರುವುದನ್ನೇ ನೋಡಿ ತನ್ನಿ, ಅದರಲ್ಲೇ ಹೆಪ್ಪು ಹಾಕಬಹುದು. ಹೊಸಬರು ಇಲ್ಲಿ ಸಿಹಿ ಒಗ್ಗರಣೆ ಮೊಸರನ್ನ ತಿನ್ನದೆ ಬಚಾವಾದದ್ದು ನಾನು ಕಂಡಿಲ್ಲ.

ಮಾಂಸ ತಿನ್ನುವ ಮನೆಯವರಿಗೆ ಒಂದು ಮಾತು. ಕುರಿ ಮಾಂಸದ ಕಮಟು ಅನೇಕರಿಗೆ ಆಗದು. ಆದರೆ ಚೀನಾದ ಯಾನ್‌ಬಿಯನ್ ಕಡೆಯ ಚೀನೀ-ಕೊರಿಯನ್ನರು ತಂದ ಕುರಿ ಮಾಂಸದ ಕಡ್ಡಿ ಕಬಾಬ್ ಈಗ ಊರೂರಲ್ಲಿ ಓಡುತ್ತಿದೆ, ಅದ್ದಿಕೊಳ್ಳಲು ಜೀರಿಗೆ ಪುಡಿ. ಹಾಗಾಗಿ ಮಟನ್ ಮಾಡುವುದಾದರೆ ಜೀರಿಗೆ ಮುಂದಿರಲಿ, ಲವಂಗ-ಏಲಕ್ಕಿ ಹಿಂದೆ. ಧೈರ್ಯ ಸಾಲದಿದ್ದರೆ ಕೋಳಿ ಮಾಡಿ.

ಕೊನೆಗೆ ಕೊತ್ತಂಬರಿ. ಇಲ್ಲಿ ಇದರ ಹೆಸರು ಗೋಸು. ನಮ್ಮ ಕಿವಿಗೆ 'ಕೋಸು' ಅಂತಲೇ ಕೇಳಿಸುತ್ತದೆ. ನಾನು ಒಮ್ಮೆ ಎಲೆಕೋಸು ಅಂದುಕೊಂಡು ತರಿಸಿದ್ದೂ ಉಂಟು. ಟ್ಯಾಕೊ ಅಂಗಡಿಯಲ್ಲಿ ಕಿವಿಗೊಟ್ಟರೆ "ಗೋಸು ಪ್ಪೆಜುಸೆಯೊ", ಅಂದರೆ ಕೊತ್ತಂಬರಿ ಬೇಡ, ಅನ್ನುವುದು ಮತ್ತೆ ಮತ್ತೆ ಕೇಳುತ್ತದೆ. ಸೋಪು, ಸ್ನೋ-ಪೌಡರ್ ವಾಸನೆ ಅಂತೆ. ಸೊಪ್ಪಿನಲ್ಲೂ ಸೋಪಿನಲ್ಲೂ ಒಂದೇ ಜಾತಿಯ ವಾಸನೆಯ ಅಂಶ ಇರುವುದು ನಿಜ. ವಿಯೆಟ್ನಾಮ್ ನೂಡಲ್ಸ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕೇಳಿದವರಿಗಷ್ಟೇ ಕೊಡುತ್ತಾರೆ. ನೀವು "ಗೋಸು ಮಾನಿ ಜುಸೆಯೊ" ಅನ್ನಿ, ಒಂದು ತಟ್ಟೆ ತುಂಬ ತಂದಿಡುತ್ತಾರೆ. ಹುಡುಗರು ಈಗೀಗ ಇಷ್ಟಪಟ್ಟು ತಿನ್ನುತ್ತಿದ್ದಾರೆ, ಆದರೂ ಮನೆಗೆ ಬಂದವರಿಗೆ ಬೇರೆ ಬಟ್ಟಲಲ್ಲಿಡಿ. ಬೇಕಾದವರು ಹಾಕಿಕೊಳ್ಳಲಿ. "ದೊಕ್‌ತುಕಾನೆಯೊ" ಅಥವಾ "ಘಮ ಸ್ವಲ್ಪ ಜೋರಾಗಿದೆ" ಅನ್ನುವ ಮಾತು ಬಂದರೆ ಇನ್ನೊಂದು ಸೌಟು ಬಡಿಸಲು ಹೋಗಬೇಡಿ. ನಿಜವಾಗಿ ಹಿಡಿಸಿದರೆ ಅವರು ಮಾತೇ ಆಡುವುದಿಲ್ಲ, ತಿನ್ನುತ್ತಾರೆ. ದೋಸೆ, ಬಜ್ಜಿ, ಹಪ್ಪಳಕ್ಕೆ ನಮ್ಮನೆಯಲ್ಲಿ ಹಾಗೇ ಆಗುತ್ತದೆ.

ಸೊಪ್ಪಿಗಾಗಿ ಇತೆವೊನ್‌ಗೆ ಓಡುವುದನ್ನು ನಾನು ಬಿಟ್ಟಿದ್ದೇನೆ. ಥರ್ಮಾಕೋಲ್ ಪೆಟ್ಟಿಗೆಗೆ ಮಣ್ಣು ತುಂಬಿ, ಡಬ್ಬಿಯಲ್ಲಿದ್ದ ಧನಿಯಾವನ್ನು ಚಪಾತಿ ಲಟ್ಟಣಿಗೆಯಿಂದ ಎರಡು ಹೋಳು ಮಾಡಿ ಏಪ್ರಿಲ್‌ನಲ್ಲಿ ಬಾಲ್ಕನಿಯಲ್ಲಿ ಬಿತ್ತುತ್ತೇನೆ. ಸೆಕೆ ಶುರುವಾಗುವ ಮೊದಲೇ ಕಿತ್ತು ಮುಗಿಸಬೇಕು, ಆಮೇಲೆ ಹೂ ಬಿಟ್ಟುಬಿಡುತ್ತದೆ. ಹೋದ ವರ್ಷ ಕಟ್ಟು ಹಿಡಿದು ಲಿಫ್ಟ್‌ನಲ್ಲಿ ಬರುವಾಗ ಏಳನೇ ಮಹಡಿಯ ಅಜ್ಜಿ ಮೂಗು ಅರಳಿಸಿದರು. ನಾನು ಸಂಕೋಚದಿಂದ ಬೆನ್ನ ಹಿಂದೆ ಬಚ್ಚಿಟ್ಟೆ. "ಗೋಸು ಅಲ್ವಾ? ನಮ್ಮ ಬೌದ್ಧ ಮಠದಲ್ಲಿ ಇದರ ಕಿಮ್ಚಿ ಮಾಡ್ತಾರೆ" ಅಂದರು. ಅರ್ಧ ಕಟ್ಟು ಕೊಟ್ಟೆ. ಮೂರು ದಿನದ ಮೇಲೆ ಡಬ್ಬಿಯಲ್ಲಿ ಕೊತ್ತಂಬರಿ ಕಿಮ್ಚಿ ಬಂತು. ಮಠದ ಕ್ರಮವಂತೆ, ಮೀನಿನ ಸಾಸ್ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಊರಿಂದ ಬಂದಿದ್ದ ನಮ್ಮತ್ತೆ, ಕಿಮ್ಚಿ ಡಬ್ಬಿ ಮುಟ್ಟಿದರೂ ಕೈ ತೊಳೆಯುತ್ತಿದ್ದವರು, ಅದನ್ನು ಮೊಸರನ್ನಕ್ಕೆ ನೆಂಚಿಕೊಂಡು ಖಾಲಿ ಮಾಡಿದರು.